ನೀರು ಕುದೀತು ಅಂತ ಕೆಟಲ್‌ಗೆ ಹೇಗೆ ಗೊತ್ತಾಗತ್ತೆ?

ಹೋದ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ಲು, ಏಳನೇ ಕ್ಲಾಸು. ಸಾಯಂಕಾಲ ನಾಲ್ಕೂವರೆಗೆ ನಾನು ದಿನಾ ಮಾಡೋ ಹಾಗೆ ಕೆಟಲ್‌ಗೆ ನೀರು ಹಾಕಿ ಬಟನ್ ಒತ್ತಿ ಟೀ ಪುಡಿ ಡಬ್ಬ ಇಳಿಸ್ತಿದ್ದೆ, ಇವಳು ಅಡುಗೆ ಕಟ್ಟೆ ಮೇಲೆ ಮೊಣಕೈ ಊರಿಕೊಂಡು ಕೆಟಲ್‌ನೇ ನೋಡ್ತಾ ನಿಂತಿದ್ಲು. ನೀರು ಕುದೀತು, ಟಕ್ ಅಂತು, ಲೈಟ್ ಆರಿತು. "ಚಿಕ್ಕಿ, ನೀರು ಕುದೀತು ಅಂತ ಇದಕ್ಕೆ ಹೇಗೆ ಗೊತ್ತಾಯ್ತು?" ಅಂದ್ಲು, ನಾನು ಬಾಯಿ ತೆಗೆಯೋ ಮುಂಚೆ ಅವಳೇ ಉತ್ತರಾನೂ ಕೊಟ್ಲು: "ಒಳಗೆ ಥರ್ಮಾಮೀಟರ್ ಇರತ್ತೆ, 100 ಡಿಗ್ರಿ ಆದ ತಕ್ಷಣ ಆಫ್ ಮಾಡತ್ತೆ, ಅಲ್ವಾ?"

ಹೌದು ಅಂದುಬಿಡಬಹುದಿತ್ತು. ಆದ್ರೆ ಮನೇಲಿ ಅಡುಗೆಗೆ ಇಟ್ಕೊಂಡಿರೋ ಉದ್ದ ಕಡ್ಡಿಯ ಥರ್ಮಾಮೀಟರ್ ಒಂದಿತ್ತು, ಅದನ್ನ ತೆಗೆದು ಅವಳ ಕೈಗೆ ಕೊಟ್ಟೆ, ಒಂದು ಪಾತ್ರೇಲಿ ನೀರು ತಳಮಳ ಕುದಿಯೋಕೆ ಬಿಟ್ಟು ಅದ್ದಿ ನೋಡು ಅಂದೆ. 97ಕ್ಕೆ ಬಂದು ನಿಂತುಬಿಡ್ತು. ಉರಿ ಜಾಸ್ತಿ ಮಾಡಿದ್ಲು, ಗುಳ್ಳೆ ಜಾಸ್ತಿ ಆಯ್ತೇ ಹೊರತು ಮುಳ್ಳು ಅಲ್ಲಾಡಲಿಲ್ಲ. "ಥರ್ಮಾಮೀಟರ್ ಕೆಟ್ಟಿದೆ" ಅಂದ್ಲು. ಕೆಟ್ಟಿಲ್ಲ. ಬೆಂಗಳೂರಲ್ಲಿ ನೀರು 100 ಡಿಗ್ರಿಗೆ ಕುದಿಯೋದೇ ಇಲ್ಲ.

ಇದು ಗೊತ್ತಾದ ದಿನ ನಂಗೂ ಅಷ್ಟೇ ಆಶ್ಚರ್ಯ ಆಗಿತ್ತು, ಅದಕ್ಕೇ ಇದನ್ನ ಪೂರ್ತಿ ಬಿಡಿಸಿ ಬರೀತಿದೀನಿ. ನಮ್ಮ ಸುತ್ತ ಇರೋ ಗಾಳಿಗೆ ತೂಕ ಇದೆ, ಅದು ನೀರಿನ ಮೈಯನ್ನ ಸದಾ ಒತ್ತುತ್ತಾ ಇರತ್ತೆ. ನೀರು ಕುದಿಯೋದು ಅಂದ್ರೆ ಒಳಗಡೆ ಹುಟ್ಟೋ ಆವಿ ಗುಳ್ಳೆ ಆ ಒತ್ತಡಾನ ಎದುರಿಸಿ ಉಬ್ಬಿಕೊಂಡು ನಿಲ್ಲೋ ಶಕ್ತಿ ಪಡೆಯೋದು. ಸಮುದ್ರ ಮಟ್ಟದಲ್ಲಿ, ಅಂದ್ರೆ ಮಂಗಳೂರಿನ ಪಣಂಬೂರಲ್ಲಿ, ಗಾಳಿ ಒತ್ತಡ ಸುಮಾರು 1013 ಮಿಲಿಬಾರ್, ಅಲ್ಲಿ ನೀರು ಟೆಕ್ಸ್ಟ್ ಬುಕ್ಕಲ್ಲಿ ಇರೋ ಹಾಗೆ 100ಕ್ಕೇ ಕುದಿಯತ್ತೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ನಮ್ಮ ತಲೆ ಮೇಲಿನ ಗಾಳಿ ಅಷ್ಟು ಕಮ್ಮಿ, ಒತ್ತಡ ಹತ್ತತ್ರ 910 ಮಿಲಿಬಾರ್, ಹಾಗಾಗಿ ಗುಳ್ಳೆ ಸ್ವಲ್ಪ ಬೇಗಾನೇ ಗೆಲ್ಲತ್ತೆ. ಸುಮಾರು 300 ಮೀಟರ್ ಮೇಲೆ ಹತ್ತಿದ್ರೆ ಕುದಿಬಿಂದು ಒಂದು ಡಿಗ್ರಿ ಇಳಿಯತ್ತೆ ಅಂತ ಲೆಕ್ಕ ಇಟ್ಕೊಳ್ಳಿ, ಸಾಕು. ಮುಳ್ಳಯ್ಯನಗಿರಿ ತುದೀಲಿ, 1930 ಮೀಟರಲ್ಲಿ, 93-94ಕ್ಕೇ ಕುದೀತು. ಲೇಹ್‌ನಲ್ಲಿ 88 ಹತ್ರ. ಬೆಟ್ಟದ ಊರಲ್ಲಿ ಬೇಳೆ ಬೇಯಲ್ಲ ಅಂತ ಹೇಳೋದು ಇದಕ್ಕೇ, ಎಷ್ಟು ಉರಿ ಹಾಕಿದ್ರೂ ನೀರಿನ ಬಿಸಿ ಅಲ್ಲಿಂದ ಮೇಲೆ ಏರಲ್ಲ.

ಈಗ ಹುಡುಗಿ ಪ್ರಶ್ನೆಗೆ ಬನ್ನಿ. ಕೆಟಲ್ 100 ಡಿಗ್ರಿಗಾಗಿ ಕಾಯ್ತಾ ಕೂತಿದ್ರೆ ಬೆಂಗಳೂರಲ್ಲಿ ಅದು ಯಾವತ್ತೂ ಆಫ್ ಆಗ್ತಿರಲಿಲ್ಲ, ನೀರು ಪೂರ್ತಿ ಆವಿಯಾಗಿ ತಳ ಸುಡೋವರೆಗೂ ಕುದೀತಾನೇ ಇರ್ತಿತ್ತು. ಆದ್ರೆ ಅದೇ ಕೆಟಲ್ ಮಂಗಳೂರಲ್ಲೂ ಸರಿಯಾಗಿ ಆಫ್ ಆಗತ್ತೆ, ಇಲ್ಲೂ ಆಗತ್ತೆ, ಲೇಹ್‌ನಲ್ಲೂ ಆಗತ್ತೆ. ಯಾಕಂದ್ರೆ ಅದು ನೀರಿನ ಬಿಸಿ ಅಳೆಯೋದೇ ಇಲ್ಲ. ಅದು ಕಾಯೋದು ಹಬೆಗೆ.

ನಿಮ್ಮ ಕೆಟಲ್ ಮುಚ್ಚಳ ತೆಗೆದು ಒಳಗೆ ಹಿಡಿ ಇರೋ ಕಡೆ ಮೇಲ್ಭಾಗದಲ್ಲಿ ನೋಡಿ, ಸಣ್ಣ ಕಿಂಡಿ ಇಲ್ಲಾ ಒಂದು ಸೀಳು ಕಾಣತ್ತೆ. ಎಷ್ಟೋ ಜನ ಅದನ್ನ ಡಿಸೈನ್ ಅಂದ್ಕೊಂಡಿರ್ತಾರೆ. ಅದು ಹಬೆ ದಾರಿ. ನೀರು ಜೋರಾಗಿ ಕುದಿಯೋಕೆ ಶುರು ಆದ್ಮೇಲೆ ಒಳಗೆ ತುಂಬಿಕೊಂಡ ಹಬೆಗೆ ಜಾಗ ಸಾಲಲ್ಲ, ಅದು ಆ ಕಿಂಡಿಯಿಂದ ನುಗ್ಗಿ, ಹಿಡಿಯ ಒಳಗಿನ ಕೊಳವೇಲಿ ಇಳಿದು, ಸ್ವಿಚ್ ಹತ್ರ ಕೂತಿರೋ ಒಂದು ಪುಟ್ಟ ಲೋಹದ ಬಿಲ್ಲೆಗೆ ತಗಲತ್ತೆ. (ಕೆಲವು ಮಾಡೆಲ್‌ಗಳಲ್ಲಿ ಸ್ವಿಚ್ ಹಿಡಿಯ ಮೇಲ್ತುದೀಲೇ ಇರತ್ತೆ, ಅಲ್ಲಿ ದಾರಿ ಚಿಕ್ಕದು.) ಬಿಲ್ಲೆ ಬಿಸಿಯಾಗಿ ಟಕ್ ಅಂತ ಮಗುಚಿಕೊಳ್ಳತ್ತೆ, ಸ್ವಿಚ್ಚನ್ನ ತಳ್ಳತ್ತೆ, ಕರೆಂಟ್ ಕಟ್. ಅಷ್ಟೇ. ಚಿಪ್ ಇಲ್ಲ, ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ.

ಹಬೇನೇ ಯಾಕೆ ಅಂದ್ರೆ, ಹಬೆಯಲ್ಲಿ ಬಚ್ಚಿಟ್ಟ ಬಿಸಿ ತುಂಬಾ ಇದೆ. ಒಂದು ಲೀಟರ್ ನೀರನ್ನ 25 ಡಿಗ್ರಿಯಿಂದ 97ಕ್ಕೆ ತರೋಕೆ ಸುಮಾರು 3 ಲಕ್ಷ ಜೂಲ್ ಶಕ್ತಿ ಬೇಕು. ಅದೇ ನೀರನ್ನ ಪೂರ್ತಿ ಆವಿ ಮಾಡೋಕೆ ಇನ್ನೂ ಹತ್ತತ್ರ 22 ಲಕ್ಷ ಜೂಲ್, ಏಳು ಪಟ್ಟಿಗಿಂತ ಜಾಸ್ತಿ. ಹಬೆ ಯಾವುದಾದ್ರೂ ತಣ್ಣಗಿನ ವಸ್ತುವಿಗೆ ತಗಲಿ ಮತ್ತೆ ನೀರಾಗುವಾಗ ಆ ಶಕ್ತಿಯೆಲ್ಲಾ ಅಲ್ಲೇ ಸುರಿದುಬಿಡತ್ತೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಹಬೆ ಹೊಡೆದು ಕೈ ಸುಟ್ಟುಕೊಂಡಿದ್ರೆ ನಿಮಗಿದು ಗೊತ್ತೇ ಇದೆ, ಬಿಸಿ ಗಾಳಿ ಹಾಗೆ ಸುಡಲ್ಲ. ಅದೇ ಏಟು ಬಿಲ್ಲೆಗೂ ಬೀಳತ್ತೆ, ಕ್ಷಣದಲ್ಲಿ ಬಿಸಿ ಏರತ್ತೆ. ಬಿಲ್ಲೆ ಮಗುಚೋ ಬಿಸಿಯನ್ನ ಕುದಿಬಿಂದುಗಿಂತ ಸಾಕಷ್ಟು ಕಮ್ಮಿ ಇಟ್ಟಿರ್ತಾರೆ, ಹಾಗಾಗಿ ಊರು ಎಷ್ಟು ಎತ್ತರದಲ್ಲಿದ್ರೂ ಕೆಲಸ ಕೆಡಲ್ಲ.

ಇನ್ನು ಆ ಬಿಲ್ಲೆ ವಿಷಯ. ಒಂದರ ಬೆನ್ನಿಗೆ ಒಂದು ಅಂಟಿಸಿರೋ ಎರಡು ಲೋಹದ ಹಾಳೆ ಅದು, ಬೈಮೆಟಲ್ ಅಂತಾರೆ. ಬಿಸಿಯಾದ್ರೆ ಎಲ್ಲಾ ಲೋಹಾನೂ ಹಿಗ್ಗತ್ತೆ, ಆದ್ರೆ ಒಂದೊಂದು ಒಂದೊಂದಷ್ಟು. ಒಂದು ಜಾಸ್ತಿ ಹಿಗ್ಗಬೇಕು ಅನ್ನತ್ತೆ, ಬೆನ್ನಿಗೆ ಅಂಟಿರೋದು ಬಿಡಲ್ಲ, ಕೊನೆಗೆ ಇಡೀ ಹಾಳೆ ಬಾಗತ್ತೆ. ಸಪಾಟಾಗಿದ್ರೆ ನಿಧಾನಕ್ಕೆ ಬಾಗ್ತಿತ್ತು. ಕೆಟಲ್‌ದು ಸ್ವಲ್ಪ ಬಟ್ಟಲಿನ ಹಾಗೆ ತಗ್ಗಾಗಿರತ್ತೆ, ಅದಕ್ಕೇ ಅದು ಬಿಗಿ ತಡ್ಕೊಂಡು ತಡ್ಕೊಂಡು ಒಂದೇ ಸಲಕ್ಕೆ ಆ ಕಡೆಗೆ ಮಗುಚತ್ತೆ. ಕಡಲೆಕಾಯಿ ಪರಿಷೇಲಿ ತಗಡಿನ ಕಪ್ಪೆ ಮಾರ್ತಿದ್ರಲ್ಲ, ಹೊಟ್ಟೆ ಒತ್ತಿದ್ರೆ ಟಿಕ್ ಟಿಕ್ ಅನ್ನೋದು, ಥೇಟ್ ಅದೇ. ಕಪ್ಪೇನ ನಮ್ಮ ಬೆರಳು ಒತ್ತತ್ತೆ, ಇಲ್ಲಿ ಹಬೆ ಒತ್ತತ್ತೆ. ಹೀಗೆ ಥಟ್ಟನೆ ಮಗುಚೋದು ಬರೀ ಸದ್ದಿಗಲ್ಲ, ಸ್ವಿಚ್ ನಿಧಾನಕ್ಕೆ ಬಿಟ್ಕೊಂಡ್ರೆ ಆ ಸಣ್ಣ ಸಂದಿಯಲ್ಲಿ ಕಿಡಿ ಹಾರಿ ತುದಿ ಸುಟ್ಟುಹೋಗತ್ತೆ.

ಎರಡು ಲೋಹ ಜೋಡಿಸೋ ಈ ಉಪಾಯ ಅಡುಗೆಮನೆಗೆ ಬಂದಿದ್ದು ಹಡಗಿನ ಗಡಿಯಾರದಿಂದ, ನಂಗೆ ತುಂಬಾ ಇಷ್ಟವಾದ ಕಥೆ ಇದು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಅನ್ನೋ ಬಡಗಿ, ಸಮುದ್ರದ ಮೇಲೂ ಸರಿಯಾದ ಟೈಮ್ ತೋರಿಸೋ ಗಡಿಯಾರ ಮಾಡೋಕೆ ಬದುಕನ್ನೇ ಕೊಟ್ಟವನು. ಬಿಸಿಲು ಚಳಿಗೆ ಗಡಿಯಾರದ ಸ್ಪ್ರಿಂಗು ಹೆಚ್ಚು ಕಮ್ಮಿ ಆಗಿ ಟೈಮ್ ತಪ್ಪೋದು, ಅದನ್ನ ಸರಿದೂಗಿಸೋಕೆ ಹಿತ್ತಾಳೆ ಉಕ್ಕು ಎರಡನ್ನೂ ಜೋಡಿಸಿದ ಪಟ್ಟಿ ಮಾಡಿ ತನ್ನ ಮೂರನೇ ಗಡಿಯಾರಕ್ಕೆ ಹಾಕಿದ, ಆ ಒಂದು ಗಡಿಯಾರಕ್ಕೆ 19 ವರ್ಷ ತಗೊಂಡ. ಮುಂದೆ 20ನೇ ಶತಮಾನದಲ್ಲಿ ಜಾನ್ ಟೇಲರ್ ಅನ್ನೋ ಬ್ರಿಟಿಷ್ ಇಂಜಿನಿಯರ್ ಈ ಬೈಮೆಟಲ್ ಬಿಲ್ಲೆಗಳನ್ನ ಕೆಟಲ್‌ಗೆ ಪಳಗಿಸಿದ್ರು, ಅವರ ಸ್ಟ್ರಿಕ್ಸ್ ಕಂಪನಿಯ ಕಂಟ್ರೋಲುಗಳು ಪ್ರಪಂಚದ ಲೆಕ್ಕವಿಲ್ಲದಷ್ಟು ಕೆಟಲ್‌ಗಳ ಹೊಟ್ಟೆಯಲ್ಲಿವೆ. ದುಡ್ಡು ಬಂದ್ಮೇಲೆ ಟೇಲರ್ ಏನ್ ಮಾಡಿದ್ರು ಗೊತ್ತಾ, ಕೇಂಬ್ರಿಡ್ಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಒಂದು ಭಾರೀ ಚಿನ್ನದ ಬಣ್ಣದ ಗಡಿಯಾರ ಮಾಡಿಸಿ ಕೊಟ್ರು, ಅದರ ತಲೆ ಮೇಲೆ ನಿಮಿಷಗಳನ್ನ ತಿನ್ನೋ ಮಿಡತೆ ಥರದ ಜೀವಿ ಕೂತಿದೆ, ಅದು ಹ್ಯಾರಿಸನ್ ಕಂಡುಹಿಡಿದ ಮಿಡತೆ ಯಂತ್ರಕ್ಕೆ (ಗಡಿಯಾರದ ಹಲ್ಲುಚಕ್ರವನ್ನ ಒಂದೊಂದೇ ಹಲ್ಲು ಮುಂದೆ ಬಿಡೋ, ಮಿಡತೆ ಕಾಲಿನ ಥರದ ಭಾಗ) ಗೌರವ. 2008ರಲ್ಲಿ ಅದನ್ನ ಅನಾವರಣ ಮಾಡಿದ್ದು ಸ್ಟೀಫನ್ ಹಾಕಿಂಗ್. ಕೆಟಲ್ ಟಕ್ ಅಂದಾಗೆಲ್ಲ ನಂಗೆ ಆ ಬಡಗಿ ನೆನಪಾಗ್ತಾನೆ.

ಹಬೆಗೆ ತಾನಾಗೇ ಆಫ್ ಆಗೋ ಕೆಟಲ್ ಮೊದಲು ಮಾರ್ಕೆಟ್ಟಿಗೆ ಬಂದಿದ್ದು 1955ರಲ್ಲಿ, ಇಂಗ್ಲೆಂಡಿನ ರಸೆಲ್ ಹಾಬ್ಸ್ ಕಂಪನಿಯ ಕೆ1. ಅಲ್ಲಿವರೆಗೆ ಇಟ್ಟು ಮರೆತ್ರೆ ನೀರು ಆರಿ, ಮನೆ ತುಂಬಾ ಹಬೆ ತುಂಬಿ, ಕಾಯಿಲ್ ಸುಟ್ಟು ಹೋಗೋದು.

ಇಷ್ಟು ತಿಳಿದ್ರೆ ಕೆಟಲ್‌ನ ಕೆಲವು ಸ್ವಭಾವ ತಾನಾಗೇ ಅರ್ಥ ಆಗತ್ತೆ. ಮುಚ್ಚಳ ಸರಿ ಮುಚ್ಚದೆ ಇಟ್ರೆ ಯಾಕೆ ಆಫ್ ಆಗಲ್ಲ? ಹಬೆ ಮೇಲಿಂದಲೇ ಹೋಗಿಬಿಡತ್ತೆ, ಕಿಂಡಿ ಕಡೆ ಬರೋದೇ ಇಲ್ಲ. ಆಫ್ ಆದ ತಕ್ಷಣ ಮತ್ತೆ ಒತ್ತಿದ್ರೆ ಬಟನ್ ಯಾಕೆ ನಿಲ್ಲಲ್ಲ? ಬಿಲ್ಲೆ ಇನ್ನೂ ಬಿಸಿ ಇದೆ, ಅದು ಆರಿ ವಾಪಸ್ ಮಗುಚಬೇಕು, ಅರ್ಧ ಒಂದು ನಿಮಿಷ ತಡೀರಿ, ಬಲವಂತ ಮಾಡ್ಬೇಡಿ. ನೀರಿಲ್ಲದೆ ಆನ್ ಮಾಡಿದ್ರೆ ಹಬೇನೇ ಇಲ್ವಲ್ಲ, ಆಗೇನು ಗತಿ? ಅದಕ್ಕೆ ತಳದ ತಟ್ಟೆಗೆ ತಾಗಿಕೊಂಡು ಇನ್ನೊಂದು ಬೈಮೆಟಲ್ ಇರತ್ತೆ, ತಳ 100 ದಾಟಿ ತುಂಬಾ ಮೇಲೆ ಹೋದ್ರೆ ಅದು ಮಗುಚಿ ಕಾಪಾಡತ್ತೆ.

ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಟಲ್ ಆನ್ ಮಾಡಿ ಕಣ್ಣು ಮುಚ್ಚಿ ಕೇಳಿ. ಮೊದಲು ಮೌನ, ಆಮೇಲೆ ಸಣ್ಣಗೆ ಸುಯ್ ಅಂತ ಶುರು, ಅದು ಏರ್ತಾ ಏರ್ತಾ ದೊಡ್ಡ ಭೋರ್ ಆಗತ್ತೆ, ಆಮೇಲೆ ಇನ್ನೇನು ಕುದಿಬೇಕು ಅನ್ನೋ ಹೊತ್ತಿಗೆ ಸದ್ದು ಇಳಿದು ಗಳಗಳ ಅನ್ನೋ ದಪ್ಪ ದನಿಗೆ ಬರತ್ತೆ. ಕುದಿಯೋ ಮುಂಚೆ ಯಾಕೆ ಜಾಸ್ತಿ ಗಲಾಟೆ? ತಳ ಮೊದಲು ಬಿಸಿ ಆಗತ್ತೆ, ಅಲ್ಲಿ ಆವಿ ಗುಳ್ಳೆ ಹುಟ್ಟತ್ತೆ, ಮೇಲಕ್ಕೆ ಏಳತ್ತೆ, ಆದ್ರೆ ಮೇಲಿನ ನೀರು ಇನ್ನೂ ತಣ್ಣಗಿದೆ, ಗುಳ್ಳೆ ಅಲ್ಲೇ ಕುಸಿದು ಒಡೀತು. ಹಾಗೆ ಸಾವಿರಾರು ಗುಳ್ಳೆ ಪಟಪಟ ಕುಸಿಯೋ ಸದ್ದೇ ಆ ಭೋರ್. ನೀರೆಲ್ಲಾ ಕುದಿಬಿಂದುಗೆ ಬಂದ್ಮೇಲೆ ಗುಳ್ಳೆ ಕುಸಿಯದೆ ಮೇಲಿನವರೆಗೂ ಬಂದು ಒಡೆಯತ್ತೆ, ದನಿ ಮೆತ್ತಗಾಗತ್ತೆ. ಅಜ್ಜಿ ಎಸರು ಮರಳಿದ್ದನ್ನ ನಡುಮನೆಯಿಂದಲೇ ಕೇಳಿ "ಅಕ್ಕಿ ಹಾಕು" ಅಂತಿದ್ರು, ಅವರಿಗೆ ಗೊತ್ತಿದ್ದಿದ್ದು ಇದೇ ದನಿ ಬದಲಾವಣೆ.

ಕರೆಂಟ್ ಎಷ್ಟು ತಿನ್ನತ್ತೆ ಅಂತ ಎಲ್ರೂ ಕೇಳ್ತಾರೆ. ನನ್ನದು 1500 ವ್ಯಾಟ್. ಲೀಟರ್‌ಗೆ 3 ಲಕ್ಷ ಜೂಲ್ ಅಂದ್ರೆ ಲೆಕ್ಕದ ಪ್ರಕಾರ ಮೂರು ನಿಮಿಷ ಇಪ್ಪತ್ತು ಸೆಕೆಂಡು, ಅಲ್ಲಿ ಇಲ್ಲಿ ಸೋರಿಹೋಗೋದು ಸೇರಿ ನಾಲ್ಕು ನಿಮಿಷ ಹಿಡೀರಿ. ಯೂನಿಟ್ಟಲ್ಲಿ ಹೇಳೋದಾದ್ರೆ 0.1, ಯೂನಿಟ್ಟಿಗೆ 6 ರೂಪಾಯಿ ಅಂದ್ಕೊಂಡ್ರೆ 60 ಪೈಸೆ. ಎರಡು ಕಪ್ಪಿಗೆ ಅದರ ಮೂರರಲ್ಲೊಂದು ಭಾಗ. ದುಡ್ಡಿನ ಲೆಕ್ಕದಲ್ಲಿ ಗ್ಯಾಸ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ, ವ್ಯತ್ಯಾಸ ಇರೋದು ಎಲ್ಲಿ ಅಂದ್ರೆ, ಗ್ಯಾಸ್ ಮೇಲೆ ಸಣ್ಣ ಪಾತ್ರೆ ಇಟ್ರೆ ಉರಿ ಅರ್ಧ ಪಕ್ಕದಿಂದ ಎದ್ದು ಅಡುಗೆಮನೇನ ಬಿಸಿ ಮಾಡತ್ತೆ, ಕೆಟಲ್‌ನಲ್ಲಿ ಬಿಸಿ ಹೆಚ್ಚುಕಮ್ಮಿ ಪೂರ್ತಿ ನೀರಿಗೇ ಹೋಗತ್ತೆ.

ಆದ್ರೆ ಒಂದು ಲೆಕ್ಕ ನನ್ನನ್ನ ತುಂಬಾ ದಿನ ಕಾಡಿದೆ. ನಮ್ಮ ನಲ್ಲಿಗೆ ಬರೋ ಕಾವೇರಿ ನೀರು ಶಿವನಸಮುದ್ರದ ಹತ್ತಿರದಿಂದ, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರ, ಹತ್ತತ್ರ 500 ಮೀಟರ್ ಮೇಲಕ್ಕೆ ಪಂಪ್ ಆಗಿ ಬರತ್ತೆ. ಒಂದು ಲೀಟರ್ ನೀರನ್ನ 500 ಮೀಟರ್ ಎತ್ತೋಕೆ ಬೇಕಾದ ಶಕ್ತಿ ಬರೀ 4900 ಜೂಲ್ (ಪೈಪು, ಪಂಪಿನ ನಷ್ಟ ಬಿಟ್ಟು). ಅದೇ ನೀರನ್ನ ಟೀಗೆ ಕುದಿಸೋಕೆ 3 ಲಕ್ಷ. ಅಂದ್ರೆ ಬೆಟ್ಟದೆತ್ತರ ಏರಿ ಬಂದ ನೀರಿಗೆ ಆ ಏರೋ ಕೆಲಸದ ಅರವತ್ತು ಪಟ್ಟು ಕೆಲಸ ನನ್ನ ಅಡುಗೆ ಕಟ್ಟೆ ಮೇಲೆ ಕಾದಿರತ್ತೆ! ನೀರು ಬಿಸಿ ಮಾಡೋದು ಅಷ್ಟು ದುಬಾರಿ ಕೆಲಸ. ಇದು ಗೊತ್ತಾದ್ಮೇಲೆ ಎರಡು ಕಪ್ಪು ಬೇಕಿದ್ದಾಗ ಕೆಟಲ್ ತುಂಬಿಸೋದು ಬಿಟ್ಟೆ, ಕಪ್ಪಲ್ಲೇ ಅಳೆದು ಹಾಕ್ತೀನಿ, ಕನಿಷ್ಠ ಗೆರೆ ದಾಟಿದ್ರೆ ಸಾಕು. ಅಂದಹಾಗೆ ಬೆಂಗಳೂರಿಗೆ 1905ರಲ್ಲಿ ಮೊದಲು ಕರೆಂಟ್ ಬಂದಿದ್ದೂ ಶಿವನಸಮುದ್ರದಿಂದಲೇ, 1902ರಲ್ಲಿ ಕೋಲಾರದ ಚಿನ್ನದ ಗಣಿಗೋಸ್ಕರ ಶುರುವಾದ ಆ ವಿದ್ಯುತ್ ಕೇಂದ್ರದಿಂದ. ನೀರೂ ಕರೆಂಟೂ ಎರಡೂ ಒಂದೇ ಹೊಳೆಯ ಒಂದೇ ತಿರುವಿನಿಂದ ಬಂದ ಊರು ಇದು.

ಸಾಕೆಟ್ ವಿಷಯ ಮಾತ್ರ ಹುಷಾರು. 1500 ವ್ಯಾಟನ್ನ 230 ವೋಲ್ಟಿಂದ ಭಾಗಿಸಿ, 6.5 ಆಂಪಿಯರ್. ಗೋಡೆ ಮೇಲಿನ ಚಿಕ್ಕ ಸಾಕೆಟ್ಟು 6 ಆಂಪಿಯರ್‌ದು, ದೊಡ್ಡದು 16ರದು. ದೊಡ್ಡದಕ್ಕೇ ಹಾಕಿ. ಹಳೇ ಬಾಡಿಗೆ ಮನೇಲಿ ನಾನು ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕ್ತಿದ್ದೆ, ಒಂದು ದಿನ ಬೆಳಿಗ್ಗೆ ಸುಟ್ಟ ವಾಸನೆ ಬಂತು, ನೋಡಿದ್ರೆ ಪ್ಲಗ್ಗು ಬೋರ್ಡಿಗೇ ಕರಗಿ ಅಂಟಿತ್ತು. ಇನ್ನೂ ಒಂದೆರಡು ನಿಮಿಷ ಬಿಟ್ಟಿದ್ರೆ ಏನಾಗ್ತಿತ್ತೋ.

ಈಗ ಟೀ. ನಮ್ಮದು ಕಾಫಿ ಮನೆ, ಅಮ್ಮ ಬೆಳಿಗ್ಗೆ ಐದಕ್ಕೆ ಫಿಲ್ಟರ್‌ಗೆ ಪುಡಿ ಹಾಕಿದ್ರೇನೇ ದಿನ ಶುರು. ನಾನು ಟೀಗೆ ಒಲಿದಿದ್ದು ಕೆಲಸ ಸೇರಿದ ಮೊದಲ ವರ್ಷ, ಒಂದೇ ರೂಮಿನ ಮನೆ, ಗ್ಯಾಸ್ ಕನೆಕ್ಷನ್ ಇಲ್ಲ, ಒಂದು ಕೆಟಲ್ಲು ಒಂದು ಲೋಟ. ಜುಲೈ ತಿಂಗಳ ಜಿಟಿಜಿಟಿ ಮಳೆ, ಕಿಟಕಿ ಪಕ್ಕ ಲೋಟ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತ್ರೆ ಆ ಬಿಸಿ ಅಂಗೈಯಿಂದ ಮೊಣಕೈವರೆಗೆ ಏರೋದು. ಮೊದಲ ಗುಟುಕಿಗೆ ಮುಂಚೆ ಮೂಗಿಗೆ ಬರೋ ಆ ಘಮ ಇದ್ಯಲ್ಲ, ಹೊಸ ಮಳೆಗೆ ನೆಂದ ಒಣ ಎಲೆ ಥರದ್ದು, ಅದಕ್ಕೆ ಸಮ ಇನ್ನೊಂದಿಲ್ಲ ನಂಗೆ. ಕಾಫಿ ಎಬ್ಬಿಸತ್ತೆ. ಟೀ ಕೂರಿಸತ್ತೆ.

ಕೆಟಲ್ ನೀರಲ್ಲಿ ಟೀ ಸಪ್ಪೆ ಬರತ್ತೆ ಅನ್ನೋರು ತುಂಬಾ ಜನ. ಸಪ್ಪೆ ಬರೋದಕ್ಕೆ ಕಾರಣ ಇದೆ, ಸರಿ ಮಾಡೋಕೂ ಆಗತ್ತೆ. ಒಲೆ ಮೇಲೆ ಟೀ ಮಾಡುವಾಗ ಪುಡಿ ಬಿದ್ದ ಮೇಲೂ ಉರಿ ಇರತ್ತೆ, ನೀರು 97ರಲ್ಲೇ ನಿಂತಿರತ್ತೆ. ಕೆಟಲ್ಲಿಂದ ಬಗ್ಗಿಸಿದ ಕ್ಷಣದಿಂದ ನೀರು ಆರೋಕೆ ಶುರು. ದಪ್ಪ ಪಿಂಗಾಣಿ ಕಪ್ಪು ಚಳಿಗೆ ತಣ್ಣಗಾಗಿದ್ರೆ ಅದೊಂದೇ ಹತ್ತು ಡಿಗ್ರಿ ಮೇಲೆ ಕುಡಿದುಬಿಡತ್ತೆ. ಕರೀ ಟೀ ಎಲೆಗೆ ಆದಷ್ಟು ಬಿಸಿ ನೀರು ಬೇಕು, ನಮ್ಮೂರಲ್ಲಿ ಮೊದಲೇ ಮೂರು ಡಿಗ್ರಿ ಕಮ್ಮಿ, ಕಪ್ಪು ಹತ್ತು ತಿಂದ್ರೆ ಉಳಿದಿದ್ದೇನು? ಹಾಗಾಗಿ ಮೊದಲು ಸ್ವಲ್ಪ ಬಿಸಿನೀರು ಹಾಕಿ ಕಪ್ಪನ್ನ ಸುತ್ತಿಸಿ ಚೆಲ್ಲಿ, ಆಮೇಲೆ ಪುಡಿ ಹಾಕಿ ನೀರು ಬಗ್ಗಿಸಿ, ಮೇಲೊಂದು ತಟ್ಟೆ ಮುಚ್ಚಿ. ಈ ತಟ್ಟೆ ಮುಚ್ಚೋದೇ ಅರ್ಧ ರುಚಿ, ಬಿಸಿಯೂ ನಿಲ್ಲತ್ತೆ ಘಮಾನೂ ನಿಲ್ಲತ್ತೆ.

ನಾವು ಅಂಗಡಿಯಿಂದ ತರೋ ಕಾಳುಕಾಳು ಪುಡಿ ಸಿಟಿಸಿ. ಅಂದ್ರೆ ಎಲೆಯನ್ನ ಹಲ್ಲಿರೋ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದ್ದು, ಆ ಮಷೀನನ್ನ ವಿಲಿಯಂ ಮೆಕರ್ಚರ್ ಅನ್ನೋರು 1930ರಲ್ಲಿ ಅಸ್ಸಾಮಿನ ತೋಟದಲ್ಲಿ ಮಾಡಿದ್ರು. ಎಲೆ ಪೂರ್ತಿ ಜಜ್ಜಿರೋದ್ರಿಂದ ರಸ ಬೇಗ ಬಿಡತ್ತೆ, ಬಣ್ಣ ಗಾಢ, ಹಾಲಿಗೆ ಜಗ್ಗಲ್ಲ. ಇದಕ್ಕೆ ಎರಡೂವರೆಯಿಂದ ಮೂರು ನಿಮಿಷ ಸಾಕು. ನೀಲಗಿರಿ ಅಥವಾ ಚಿಕ್ಕಮಗಳೂರು ಕಡೆಯ ಉದ್ದೆಲೆ ಟೀ ಆದ್ರೆ ನಾಲ್ಕೈದು ನಿಮಿಷ ಬೇಕು, ಹಾಲು ಬೇಡ. ಟೀ ರುಚಿ ನೋಡೋರಿಗೆ ಅಂತ 1980ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡವೇ ಒಂದಿದೆ, 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ಎಲೆಯ ತಪ್ಪುಗಳು ಎದ್ದು ಕಾಣಲಿ ಅಂತ ಮಾಡಿರೋ ಕಡಕ್ ಅಳತೆ, ಮನೇಲಿ ಹಾಗೆ ಮಾಡಿದ್ರೆ ನಾಲಿಗೆ ಒಗರಾಗಿ ಹಿಡ್ಕೊಳ್ಳತ್ತೆ.

ಒಗರು ಅಂದೆ, ಅದು ಟೀಯ ಮುಖ್ಯ ಗುಣ. ನೇರಳೆ ಹಣ್ಣು ತಿಂದಾಗ ನಾಲಿಗೆ ಒಣಗಿದ ಹಾಗೆ ಆಗತ್ತಲ್ಲ, ಟೀಯಲ್ಲಿರೋ ಟ್ಯಾನಿನ್ ಥರದ ಪದಾರ್ಥಗಳು ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನ ತೆಗೆದುಬಿಡ್ತವೆ, ಅದೇ ಒಗರು. ಹಾಲು ಹಾಕಿದಾಗ ಟ್ಯಾನಿನ್ನು ಹಾಲಿನ ಪ್ರೋಟೀನಿಗೇ ಅಂಟಿಕೊಂಡು ಬಿಡತ್ತೆ, ನಾಲಿಗೆಗೆ ಕಮ್ಮಿ ಉಳಿಯತ್ತೆ. ದರ್ಶಿನೀಲಿ ಬೆಳಗ್ಗಿಂದ ಕುದ್ದು ಕುದ್ದು ಗಟ್ಟಿಯಾದ ಡಿಕಾಕ್ಷನ್ನಿನ ಬೈಟು ಟೀ ಕೂಡ ಗಂಟಲಲ್ಲಿ ಸಲೀಸಾಗಿ ಇಳಿಯೋದು ಹಾಲಿನ ಈ ಉಪಕಾರದಿಂದ. ಆ ಟೀ ರುಚಿ ಬೇರೆ, ನಿಂತು ಸ್ನೇಹಿತರ ಜೊತೆ ಕುಡಿಯೋಕೆ ಅದೇ ಸರಿ. ಮನೇಲಿ ಒಬ್ಬಳೇ ಕೂತಾಗ ನಂಗೆ ಕೆಟಲ್ ಟೀನೇ ಬೇಕು, ಅದರಲ್ಲಿ ಎಲೆ ರುಚಿ ಮುಚ್ಚಿಹೋಗಲ್ಲ. ಹಾಲು ಬೇಕಿದ್ರೆ ಎಲೆ ಬಿಟ್ಕೊಂಡ ಮೇಲೆ, ಬೇರೆ ಬಿಸಿ ಮಾಡಿ ಹಾಕಿ, ಫ್ರಿಜ್ಜಿಂದ ತೆಗೆದ ಹಾಲು ಹಾಕಿದ್ರೆ ಎಲ್ಲಾ ಶ್ರಮ ತಣ್ಣಗೆ.

ಕೆಟಲ್ ಒಳಗೇ ಹಾಲು ಕಾಯಿಸೋಕೆ ಹೋಗ್ಬೇಡಿ. ಹಾಲಿನ ಪ್ರೋಟೀನು ಬಿಸಿ ತಳಕ್ಕೆ ಅಂಟಿ ಸೀಯತ್ತೆ, ಮೇಲೆ ಕೆನೆ ಕಟ್ಟಿ ಅದರ ಕೆಳಗೆ ಆವಿ ಸಿಕ್ಕಿಕೊಂಡು ಉಕ್ಕತ್ತೆ, ಉಕ್ಕಿದ್ದು ಆ ಹಬೆ ಕಿಂಡಿಗೇ ಇಳಿದ್ರೆ ಬಿಲ್ಲೆ ಮೇಲೆ ಒಣಗಿ ಕೂರತ್ತೆ.

ಶುಂಠಿ ಟೀ ಪ್ರಿಯರಿಗೆ ಒಂದು ವಿಷಯ. ಶುಂಠಿ ಜಜ್ಜಿ ಹಾಕಿದಾಗ ಹಾಲು ಒಡೆದುಹೋದ್ರೆ ಹಾಲಿನವನನ್ನ ಬೈಬೇಡಿ. ಹಸಿ ಶುಂಠೀಲಿ ಪ್ರೋಟೀನ್ ಕತ್ತರಿಸೋ ಒಂದು ಎಂಜೈಮ್ ಇದೆ, ಬೆಚ್ಚಗಿನ ಹಾಲು ಸಿಕ್ಕಿದ್ರೆ ಮೊಸರಿನ ಹಾಗೆ ಗಟ್ಟಿ ಮಾಡಿಬಿಡತ್ತೆ. ಕುದಿ ನೀರಲ್ಲಿ ಅದು ಸತ್ತು ಹೋಗತ್ತೆ. ಹಾಗಾಗಿ ಶುಂಠೀನ ಟೀ ಪುಡಿ ಜೊತೆ ಕಪ್ಪಿಗೆ ಹಾಕಿ ಕುದ್ದ ನೀರು ಬಗ್ಗಿಸಿ ಮೂರು ನಿಮಿಷ ಮುಚ್ಚಿಡಿ, ಸೋಸಿ, ಆಮೇಲೆ ಹಾಲು.

ನೀರಿನ ಮಾತಿಲ್ಲದೆ ಬೆಂಗಳೂರಲ್ಲಿ ಟೀ ಮಾತು ಮುಗಿಯಲ್ಲ. ಒಂದೇ ಪುಡಿ, ಒಂದೇ ಕೆಟಲ್ಲು, ಕಾವೇರಿ ನೀರು ಬರೋ ದಿನ ಟೀ ಕೆಂಪಗೆ ಹೊಳೆಯತ್ತೆ, ಬೋರ್ ನೀರಿನ ದಿನ ಕಪ್ಪಾಗಿ ಮಂಕಾಗಿ ಮೇಲೊಂದು ಎಣ್ಣೆ ಥರದ ಪೊರೆ ಕಟ್ಟತ್ತೆ, ಚಮಚದಲ್ಲಿ ಎಳೆದ್ರೆ ಹರಿದು ಚೂರಾಗತ್ತೆ. ಅದು ಕೊಳೆಯಲ್ಲ. ಬೋರ್ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟು ಟೀಯ ಪದಾರ್ಥಗಳ ಜೊತೆ ಸೇರಿ ಮೇಲ್ಮೈಯಲ್ಲಿ ಕಟ್ಟಿದ ಪೊರೆ. ಕೆಟಲ್ ತಳದಲ್ಲಿ ಕೂರೋ ಬಿಳಿ ಉಪ್ಪಿಗೂ ಅದೇ ಮೂಲ, ನೀರು ಬಿಸಿಯಾದಾಗ ಬೈಕಾರ್ಬೊನೇಟು ಒಡೆದು ಸುಣ್ಣಕಲ್ಲಾಗಿ ಅಂಟತ್ತೆ, ಗೀಸರ್ ಕಾಯಿಲಲ್ಲಿ ಕಟ್ಟೋದೂ ಇದೇ. ಈ ಪದರ ದಪ್ಪ ಆದ್ರೆ ಬಿಸಿ ನೀರಿಗೆ ಸರಿಯಾಗಿ ದಾಟಲ್ಲ, ತಳ ಅತಿಯಾಗಿ ಕಾಯತ್ತೆ, ಆ ಎರಡನೇ ಬಿಲ್ಲೆ ಸುಮ್ಸುಮ್ನೆ ಮಗುಚೋಕೆ ಶುರು ಮಾಡತ್ತೆ. "ಕೆಟಲ್ ಅರ್ಧಕ್ಕೇ ಆಫ್ ಆಗ್ತಿದೆ, ಹಾಳಾಗಿದೆ" ಅಂತ ಎಸೆಯೋ ಮುಂಚೆ ಒಂದು ನಿಂಬೆಹಣ್ಣು ಹಿಂಡಿ, ಅರ್ಧ ಕೆಟಲ್ ನೀರು ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೀರಿ. ಹುಳಿಗೆ ಸುಣ್ಣ ಕರಗತ್ತೆ, ಗುಳುಗುಳು ಗುಳ್ಳೆ ಬರೋದು ಕಾಣತ್ತೆ. ಸ್ಟೀಲ್ ಜುಂಗಿನಿಂದ ಉಜ್ಜೋದು ಬೇಡ.

ಅದೇ ನಿಂಬೆ ಟೀಗೂ ಒಳ್ಳೇದು. ಶಿವಾಜಿನಗರದ ಕಡೆ ಸುಲೈಮಾನಿ ಕೊಡ್ತಾರಲ್ಲ, ನಿಂಬೆ ಬಿದ್ದ ಕೂಡ್ಲೇ ಕಪ್ಪು ಟೀ ಜೇನಿನ ಬಣ್ಣಕ್ಕೆ ತಿರುಗೋದನ್ನ ನೋಡೋಕೇ ಚೆಂದ. ಟೀಯ ಬಣ್ಣದ ಪದಾರ್ಥಗಳು ಹುಳಿಯಲ್ಲಿ ತಿಳಿಯಾಗ್ತವೆ, ಕ್ಷಾರದಲ್ಲಿ ಕಪ್ಪಾಗ್ತವೆ. ಬೋರ್ ನೀರು ಟೀಯನ್ನ ಕಪ್ಪು ಮಾಡೋದೂ ನಿಂಬೆ ಅದನ್ನ ತಿಳಿ ಮಾಡೋದೂ ಒಂದೇ ಆಟದ ಎರಡು ಕೊನೆ.

ಗ್ರೀನ್ ಟೀ ಕಹಿ ಅಂತ ಬಿಟ್ಟವರಿಗೆ: ಅದಕ್ಕೆ 80 ಡಿಗ್ರಿ ಸಾಕು, ಕುದಿ ನೀರಲ್ಲಿ ಒಗರು ಕಹಿ ಎಲ್ಲಾ ಒಟ್ಟಿಗೆ ಇಳಿಯತ್ತೆ. ಥರ್ಮಾಮೀಟರ್ ಬೇಡ, ಮುಕ್ಕಾಲು ಪಾಲು ಕುದ್ದ ನೀರಿಗೆ ಕಾಲು ಪಾಲು ಕುಡಿಯೋ ತಣ್ಣೀರು ಬೆರೆಸಿ, 97 ಮತ್ತು 25ರ ಲೆಕ್ಕಕ್ಕೆ ಸರಿಯಾಗಿ 79 ಬರತ್ತೆ. ಇನ್ನು ಒಮ್ಮೆ ಕುದ್ದ ನೀರನ್ನ ಮತ್ತೆ ಕುದಿಸಬಾರದು, ಆಮ್ಲಜನಕ ಹೋಗತ್ತೆ ಅಂತಾರೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಮೊದಲ ಕುದಿಗೇ ಹೆಚ್ಚುಕಮ್ಮಿ ಎಲ್ಲಾ ಗಾಳಿ ಹೊರಗೆ ಹೋಗಿರತ್ತೆ.

ಇದನ್ನೆಲ್ಲಾ ಹೇಳೋ ಹೊತ್ತಿಗೆ ಅವತ್ತು ಎರಡು ಸಲ ಟೀ ಆಯ್ತು, ಹುಡುಗಿಗೆ ಕಾಲು ಲೋಟ ಜಾಸ್ತಿ ಹಾಲಿನದು. ಅವಳು ಕಿಂಡಿಯನ್ನ ಬೆರಳಲ್ಲಿ ಮುಟ್ಟಿ ನೋಡಿದ್ಲು (ಆರಿದ ಮೇಲೆ), ಮುಚ್ಚಳ ತೆಗೆದಿಟ್ಟು ಆಫ್ ಆಗಲ್ಲ ಅನ್ನೋದನ್ನ ನನ್ನೆದುರೇ ಪರೀಕ್ಷೆ ಮಾಡಿದ್ಲು, ಆಮೇಲೆ ಥರ್ಮಾಮೀಟರ್ ಮನೆಗೆ ತಗೊಂಡು ಹೋಗ್ಲಾ ಅಂತ ಕೇಳಿದ್ಲು. ದಸರಾ ರಜೆಗೆ ಅವರು ಕೆಮ್ಮಣ್ಣುಗುಂಡಿಗೆ ಹೋಗ್ತಿದಾರೆ, 1434 ಮೀಟರ್. ಹೋಗೋ ಮುಂಚೆನೇ ನೋಟ್‌ಬುಕ್ಕಲ್ಲಿ 95 ಅಂತ ಬರೆದು ಪಕ್ಕದಲ್ಲಿ ಒಂದು ಖಾಲಿ ಡಬ್ಬ ಎಳೆದಿದಾಳೆ, ಅಲ್ಲಿ ಅಳೆದು ತುಂಬಿಸೋಕೆ.